ಹಣ್ಣಿನ ತಿಂಡಿ ಕಹಿಯಾಯ್ತಾ, ಒಡೆಯಿತಾ? ದೋಷ ಎಲ್ಲಿದೆ ಅಂತ ಹುಡುಕುವ ಬಗೆ

ಬೆಳಗ್ಗೆ ಹತ್ತು ನಿಮಿಷದಲ್ಲಿ ಆಗಬೇಕು, ಮಧ್ಯಾಹ್ನದವರೆಗೆ ಹೊಟ್ಟೆ ತಡೆಯಬೇಕು, ಒಲೆ ಮುಂದೆ ನಿಲ್ಲೋದು ಬೇಡ. ಇಷ್ಟು ಬೇಕು ಅನ್ನುವವರು ಹಣ್ಣಿನ ತಿಂಡಿಗೆ ಬರುತ್ತಾರೆ. ಮೈಸೂರು, ಮಂಡ್ಯ ಕಡೆ ಹಣ್ಣಿಗೇನೂ ಬರ ಇಲ್ಲ. ಬಾಳೆ, ಪರಂಗಿ, ಸೀಬೆ ವರ್ಷವಿಡೀ ಸಿಗುತ್ತವೆ. ಬೇಸಿಗೆಯಲ್ಲಿ ಮಾವು, ಹಲಸು. ಅನಾನಸ್ ಗಾಡಿ ಯಾವ ವೃತ್ತದಲ್ಲಾದರೂ ನಿಂತಿರುತ್ತೆ.

ಮೂಲ ಅಳತೆ ಸುಲಭ. ಒಬ್ಬರಿಗೆ ಒಂದು ಲೋಟ ಹಾಲು ಅಥವಾ ಮೊಸರು, ಅಂದರೆ ಸುಮಾರು 200 ಮಿಲಿ. ಒಂದು ಬಟ್ಟಲು ಹಣ್ಣು. ಎರಡು ದೊಡ್ಡ ಚಮಚ ಹುರಿಗಡಲೆ ಪುಡಿ. ಒಂದು ಹಿಡಿ ಹುರಿದ ಕಡಲೆಕಾಯಿ ಬೀಜ. ಬೇಕಿದ್ದರೆ ನೆನೆಸಿದ ಅವಲಕ್ಕಿ. ಹುರಿಗಡಲೆ ಬದಲು ಡಬ್ಬದ ಪ್ರೋಟೀನ್ ಪೌಡರ್ ಹಾಕುವವರೂ ಇದ್ದಾರೆ, ಅದೂ ಆಗುತ್ತೆ.

ಇಷ್ಟು ಸರಳವಾದದ್ದು ಕೆಡೋದು ಹೇಗೆ? ಕೆಡುತ್ತೆ. ಒಂದು ದಿನ ಕಹಿ, ಇನ್ನೊಂದು ದಿನ ಒಡೆದ ಹಾಲು, ಮತ್ತೊಂದು ದಿನ ಗಂಟು ಗಂಟು. ಆಗ ನಾವು ಮೊದಲು ಬೈಯೋದು ಹಾಲನ್ನ, ಆಮೇಲೆ ಪೌಡರ್ ಡಬ್ಬವನ್ನ. ಹೆಚ್ಚಿನ ಸಲ ಎರಡರದ್ದೂ ತಪ್ಪಿರೋಲ್ಲ. ಯಾವ ಹಣ್ಣಿಗೆ ಯಾವ ಪ್ರೋಟೀನ್ ಸೇರಿಸಿದಿರಿ, ಸೇರಿಸಿ ಎಷ್ಟು ಹೊತ್ತು ಬಿಟ್ಟಿರಿ ಅನ್ನೋದರಲ್ಲೇ ದೋಷ ಇರುತ್ತೆ.

ಮೊದಲು ಕೇಳಬೇಕಾದ್ದು: ಯಾವಾಗ ಕೆಟ್ಟಿತು?

ಏನು ಕೆಟ್ಟಿತು ಅನ್ನೋದಕ್ಕಿಂತ ಯಾವಾಗ ಕೆಟ್ಟಿತು ಅನ್ನೋದು ಮುಖ್ಯ. ಮೊದಲ ಗುಟುಕಿನಲ್ಲೇ ಕಹಿ ಇದ್ದರೆ ಮಿಕ್ಸಿಗೆ ಬೀಳಬಾರದ್ದು ಏನೋ ಬಿದ್ದಿದೆ: ಬೀಜ, ಸಿಪ್ಪೆಯ ಅಂಚು, ಇಲ್ಲವೇ ಕಮಟು ಹಿಡಿದ ಕಡಲೆಕಾಯಿ ಬೀಜ. ಕಲಸಿದ ತಕ್ಷಣ ಹಾಲು ಒಡೆದರೆ ಅದು ಹುಳಿಯ ಕೆಲಸ, ಇಲ್ಲವೇ ಹಾಲೇ ಹಳೆಯದು. ಮೊದಲು ಚೆನ್ನಾಗಿದ್ದು ಕಾಲು ಗಂಟೆ, ಅರ್ಧ ಗಂಟೆ ಕಳೆದ ಮೇಲೆ ಕಹಿಯಾದರೆ ಅದು ಹಣ್ಣಿನೊಳಗಿನ ಕಿಣ್ವದ, ಅಂದರೆ ಎನ್‌ಜೈಮಿನ ಕೆಲಸ. ಬಿಸಿ ತಾಗಿದಾಗ ಮಾತ್ರ ಕೆಟ್ಟರೆ ಪೌಡರ್ ಅಥವಾ ಬೆಲ್ಲದ ಕಡೆ ನೋಡಿ.

ಹಾಲಿನ ಮೇಲೆ ಅನುಮಾನ ಇದ್ದರೆ ಅದನ್ನು ಮೊದಲೇ ತೀರಿಸಿಕೊಳ್ಳಿ. ಒಂದು ಸೌಟಿನಲ್ಲಿ ಎರಡು ಚಮಚ ಹಾಲು ಹಾಕಿ ಒಲೆ ಮೇಲೆ ಹಿಡಿದು ಕುದಿಸಿ. ಒಡೆಯಿತು ಅಂದರೆ ಹಾಲು ಹುಳಿಗೆ ತಿರುಗಿದೆ, ಹಣ್ಣನ್ನು ದೂರಬೇಡಿ. ಒಡೆಯದೆ ಉಕ್ಕಿ ಬಂದರೆ ಹಾಲು ಸರಿಯಾಗಿದೆ. ಆಮೇಲೆ ಎರಡು ಲೋಟ ಇಟ್ಟುಕೊಳ್ಳಿ. ಎರಡಕ್ಕೂ ಅದೇ ಹಾಲು ಹಾಕಿ. ಒಂದಕ್ಕೆ ಅನುಮಾನದ ಹಣ್ಣು ಕಿವುಚಿ ಹಾಕಿ, ಇನ್ನೊಂದಕ್ಕೆ ಚೆನ್ನಾಗಿ ಹಣ್ಣಾದ ಏಲಕ್ಕಿ ಬಾಳೆ. ಅರ್ಧ ಗಂಟೆ ಸುಮ್ನೆ ಬಿಟ್ಟು ಎರಡನ್ನೂ ರುಚಿ ನೋಡಿ. ಬಾಳೆಹಣ್ಣಿನ ಲೋಟ ಸಿಹಿಯಾಗೇ ಇದ್ದು ಇನ್ನೊಂದು ಕಹಿಯಾಗಿದ್ದರೆ ದೋಷ ಸಿಕ್ಕಿತು.

ನಿಧಾನವಾಗಿ ಬರುವ ಕಹಿ

ಜನಕ್ಕೆ ಅತಿ ಹೆಚ್ಚು ತಲೆನೋವು ಕೊಡೋದು ಇದು. ಕಾರಣ ಬಹುತೇಕ ಎರಡೇ ಹಣ್ಣು: ಪರಂಗಿ ಮತ್ತು ಅನಾನಸ್. ಪಪ್ಪಾಯ ಅಂತ ಬೇರೆ ಕಡೆ ಕರೆಯುವ ಪರಂಗಿ ಹಣ್ಣಿನಲ್ಲಿ ಪಪೇನ್ ಅನ್ನುವ ಕಿಣ್ವ ಇದೆ. ಅನಾನಸ್‌ನಲ್ಲಿ ಬ್ರೊಮೆಲೈನ್. ಎರಡರ ಕಸುಬೂ ಒಂದೇ, ಪ್ರೋಟೀನನ್ನು ತುಂಡು ತುಂಡು ಮಾಡೋದು. ಹಾಲಿನ ಮುಖ್ಯ ಪ್ರೋಟೀನ್ ಕೇಸಿನ್. ಅದು ಇಡಿಯಾಗಿ ಇರುವಾಗ ನಾಲಿಗೆಗೆ ಯಾವ ಕಹಿಯೂ ಇಲ್ಲ. ಕಿಣ್ವ ಅದನ್ನು ಕತ್ತರಿಸಿದಾಗ ಹುಟ್ಟುವ ಸಣ್ಣ ತುಂಡುಗಳಲ್ಲಿ ಕೆಲವು ಕಹಿ. ಹೊತ್ತು ಹೋದಷ್ಟೂ ತುಂಡು ಜಾಸ್ತಿ, ಕಹಿ ಜಾಸ್ತಿ. ಡಬ್ಬದ ವೇ ಪೌಡರ್ (ಹಾಲು ಒಡೆದಾಗ ಬೇರೆಯಾಗುವ ನೀರಿನಿಂದ ತೆಗೆದ ಪ್ರೋಟೀನ್) ಕೂಡ ಇದರಿಂದ ತಪ್ಪಿಸಿಕೊಳ್ಳೋಲ್ಲ, ಅದೂ ಪ್ರೋಟೀನೇ ಅಲ್ವಾ.

ಮಂಡ್ಯದಲ್ಲಿರುವ ನನ್ನ ಚಿಕ್ಕಪ್ಪನ ಮಗಳು ಒಮ್ಮೆ ಫೋನ್ ಮಾಡಿದಳು.

"ಅಕ್ಕ, ಹಾಲ್ನೋರು ಏನೋ ಬೆರೆಸವ್ರೆ ಕಣಕ್ಕ. ಪರಂಗಿ ಹಣ್ಣು ಹಾಕಿ ಮಿಕ್ಸಿ ಮಾಡಿದ್ದು ಕಹಿ ಅಂದ್ರೆ ಕಹಿ."

"ಅದೇ ಹಾಲಲ್ಲಿ ಕಾಫಿ ಮಾಡಿದ್ಯಲ್ಲ, ಹೆಂಗಿತ್ತು?"

"ಕಾಫಿ ಚೆನ್ನಾಗೇ ಇತ್ತು."

"ಮಿಕ್ಸಿ ಮಾಡಿದ ತಕ್ಷಣ ಕುಡಿದ್ಯಾ?"

"ಇಲ್ಲಕ್ಕ. ಮಗೂನ ವ್ಯಾನ್ ಹತ್ತಿಸಿ, ಬಟ್ಟೆ ಒಣಗಾಕಿ ಬಂದು ಕುಡ್ದೆ."

ಅಷ್ಟೇ ಸಾಕು. ಕಾಫಿ ಚೆನ್ನಾಗಿತ್ತು ಅಂದ ಮೇಲೆ ಹಾಲು ನಿರಪರಾಧಿ. ವ್ಯಾನು, ಬಟ್ಟೆ ಅಂತ ಹೋದ ಹೊತ್ತಿನಲ್ಲಿ ಪಪೇನ್ ತನ್ನ ಕೆಲಸ ಮುಗಿಸಿದೆ.

ಇಂಥ ಲೋಟವನ್ನು ಕಣ್ಣಲ್ಲೇ ಗುರುತಿಸಬಹುದು. ಮಿಕ್ಸಿಯಿಂದ ಸುರಿದಾಗ ಕೇಸರಿ ಬಣ್ಣ, ನುಣುಪು, ಮೇಲೆ ಸಣ್ಣ ನೊರೆ. ಸ್ವಲ್ಪ ಹೊತ್ತಿಗೆ ಲೋಟದ ಒಳಗೋಡೆಗೆ ರವೆಯಷ್ಟು ಸಣ್ಣ ಕಾಳು ಅಂಟಿದ ಹಾಗೆ ಕಾಣುತ್ತೆ. ಲೋಟ ಓರೆ ಮಾಡಿದರೆ ಅಡಿಯಲ್ಲಿ ತೆಳು ಹಳದಿ ನೀರು ಬೇರೆಯಾಗಿರುತ್ತೆ. ಕುಡಿದರೆ ನಾಲಿಗೆ ತುದಿಗೆ ಇನ್ನೂ ಸಿಹಿ, ನುಂಗಿದ ಮೇಲೆ ಗಂಟಲ ಹತ್ತಿರ ಕಹಿ ನಿಲ್ಲುತ್ತೆ. ಪರಂಗಿ ಹೆಚ್ಚು ಹುಳಿಯ ಹಣ್ಣಲ್ಲ. ಹಾಗಾಗಿ ಪರಂಗಿ ಹಾಕಿದ ಒಳ್ಳೆಯ ಹಾಲು ಹೀಗೆ ಕಾಳು ಕಾಳಾದರೆ ಹುಳಿಯಿಂದ ಒಡೆಯಿತು ಅನ್ನೋ ಹಾಗಿಲ್ಲ, ಕಿಣ್ವದಿಂದ ಆದದ್ದು.

ಪರಿಹಾರ ಹಣ್ಣಿಗೆ ತಕ್ಕ ಹಾಗೆ ಬೇರೆ.

ಅನಾನಸ್ ಆದರೆ ಬೇಯಿಸಿಕೊಳ್ಳಿ. ಅನಾನಸ್ ಕೇಸರಿಬಾತ್‌ಗೆ ಮೊದಲು ಹೋಳುಗಳನ್ನು ಸಕ್ಕರೆಯಲ್ಲಿ ಬೇಯಿಸಿಕೊಳ್ಳುತ್ತೇವಲ್ಲ, ಅಷ್ಟೇ ಕೆಲಸ. ಚೆನ್ನಾಗಿ ಕುದಿ ಬಂದು ಐದು ನಿಮಿಷ ಬೆಂದರೆ ಬ್ರೊಮೆಲೈನ್ ಸತ್ತುಹೋಗುತ್ತೆ. ಭಾನುವಾರ ಒಂದು ಹಣ್ಣು ಬೇಯಿಸಿ ಡಬ್ಬಿಗೆ ಹಾಕಿ ಫ್ರಿಜ್ಜಿನಲ್ಲಿಟ್ಟರೆ ಮೂರ್ನಾಲ್ಕು ದಿನದ ತಿಂಡಿಗೆ ಆಯಿತು. ಟಿನ್ನಿನಲ್ಲಿ ಬರುವ ಅನಾನಸ್ ಬಿಸಿ ಕಂಡೇ ಬಂದಿರುತ್ತೆ, ಹಾಗಾಗಿ ಕಹಿಯಾಗೋಲ್ಲ. ಆದರೆ ಬೇಯಿಸಿದರೆ ಹೋಗೋದು ಕಿಣ್ವ, ಹುಳಿ ಅಲ್ಲ. ಬೆಂದ ಅನಾನಸ್ಸಿಗೂ ಹಾಲಿಗಿಂತ ಮೊಸರೇ ಸರಿ.

ಪರಂಗಿಗೆ ಈ ದಾರಿ ನಾನು ಹೇಳೋಲ್ಲ. ಪಪೇನ್ ಬಿಸಿಗೆ ಬೇಗ ಜಗ್ಗೋಲ್ಲ, ಅದು ಸಾಯುವಷ್ಟು ಬೇಯಿಸಿದರೆ ಹಣ್ಣಿನ ರುಚಿ ಏನೂ ಉಳಿಯೋಲ್ಲ. ಪರಂಗಿಗೆ ಎರಡು ದಾರಿ ಇವೆ. ಹಾಲಿನ ಜೊತೆ ಬೇಕೇ ಬೇಕು ಅಂದರೆ ಮಿಕ್ಸಿ ನಿಂತ ತಕ್ಷಣ ಕುಡಿದು ಮುಗಿಸಿ. ಇನ್ನೊಂದು ದಾರಿ ನನಗೆ ಹೆಚ್ಚು ಇಷ್ಟ: ಪ್ರೋಟೀನನ್ನು ದ್ರವವಾಗಿ ಬೆರೆಸಲೇಬೇಡಿ, ಗಟ್ಟಿಯಾಗಿ ಇಡಿ. ಪರಂಗಿ ಹೋಳಿನ ಮೇಲೆ ನಿಂಬೆ ಹಿಂಡಿ, ಹುರಿದ ಕಡಲೆಕಾಯಿ ಬೀಜ ಉದುರಿಸಿ, ಪಕ್ಕದಲ್ಲಿ ಹೆಸರುಬೇಳೆ ಕೋಸಂಬರಿ. ಇಡೀ ಬೀಜದ ಒಳಗೆ ಕಿಣ್ವ ಅಷ್ಟು ಹೊತ್ತಿನಲ್ಲಿ ಇಳಿಯೋಲ್ಲ, ಕಹಿಯಾಗುವ ಪ್ರಶ್ನೆಯೇ ಬರೋಲ್ಲ. ಮೊಟ್ಟೆ ತಿನ್ನುವವರಾದರೆ ಬೇಯಿಸಿದ ಮೊಟ್ಟೆ ಪಕ್ಕಕ್ಕಿಟ್ಟುಕೊಳ್ಳಿ.

ಹಣ್ಣು ಆರಿಸುವಾಗಲೂ ಗಮನ ಇರಲಿ. ಪಪೇನ್ ಹೆಚ್ಚಿರೋದು ಕಾಯಿಯ ಹಾಲಿನಲ್ಲಿ. ಸಿಪ್ಪೆ ಉಗುರಿನಿಂದ ಗೀರಿದಾಗ ಬಿಳಿ ಹಾಲು ಜಿನುಗಿದರೆ ಆ ಹಣ್ಣು ಇನ್ನೆರಡು ದಿನ ಕಾಯಲಿ. ಪೂರ್ತಿ ಹಣ್ಣಾದದ್ದರಲ್ಲಿ ಕಿಣ್ವ ಕಡಿಮೆ, ಆದರೆ ಇಲ್ಲವೇ ಇಲ್ಲ ಅಂತಲ್ಲ.

ರಾತ್ರಿಯೇ ಕಲಸಿ ಫ್ರಿಜ್ಜಿನಲ್ಲಿಡುವ ಅಭ್ಯಾಸ ಈಗ ಜಾಸ್ತಿ. ತಣ್ಣಗಿದ್ದರೆ ಕಿಣ್ವದ ಕೆಲಸ ನಿಧಾನ ಆಗುತ್ತೆ, ನಿಲ್ಲೋಲ್ಲ. ಹಸಿ ಅನಾನಸ್ ಹಾಕಿದ ಮೊಸರನ್ನ ರಾತ್ರಿಯಿಡೀ ಇಟ್ಟರೆ ಬೆಳಗ್ಗೆ ಅದು ನೀರಾಗಿರುತ್ತೆ, ಕಹಿಯೂ ಆಗಿರುತ್ತೆ. ಅವಲಕ್ಕಿ, ಓಟ್ಸ್, ಮೊಸರು ರಾತ್ರಿ ಕಲಸಿಡಿ. ಈ ಎರಡು ಹಣ್ಣನ್ನು ಬೆಳಗ್ಗೆ ತಿನ್ನುವಾಗ ಹಾಕಿಕೊಳ್ಳಿ. ಜೆಲಟಿನ್ ಹಾಕಿದ ಪುಡ್ಡಿಂಗಿಗೆ ಹಸಿ ಅನಾನಸ್ ಸೇರಿಸಿದರೆ ಗಟ್ಟಿಯಾಗದೆ ಇರೋದಕ್ಕೂ ಇದೇ ಕಾರಣ, ಜೆಲಟಿನ್ ಪ್ರೋಟೀನ್. ಚೈನಾ ಗ್ರಾಸ್ ಹಾಗಲ್ಲ, ಅದರಲ್ಲಿ ಕತ್ತರಿಸಲು ಪ್ರೋಟೀನ್ ಇಲ್ಲ. ಹಸಿ ಅನಾನಸ್ ಹಾಕಿದರೂ ಗಟ್ಟಿಯಾಗುತ್ತೆ.

ಇದೇ ಗುಂಪಿಗೆ ಸೇರಿದ ಇನ್ನೆರಡು ಹಣ್ಣಿವೆ. ಈಗ ಎಲ್ಲ ಕಡೆ ಸಿಗುವ ಕಿವಿ ಒಂದು. ತಾಜಾ ಅಂಜೂರ ಇನ್ನೊಂದು. ಶ್ರೀರಂಗಪಟ್ಟಣದ ಗಂಜಾಂ ಅಂಜೂರಕ್ಕೆ ಹೆಸರಾದ ಊರು, ನಮ್ಮ ಕಡೆಯವರಿಗೆ ತಾಜಾ ಹಣ್ಣಿನ ಆಸೆ ಸಹಜ. ತೊಟ್ಟಿನಲ್ಲಿ ಹಾಲು ಕಾಣುವಷ್ಟು ಎಳೆಯದಾದರೆ ಹಾಲಿಗೆ ಹಾಕಬೇಡಿ, ಪೂರ್ತಿ ಹಣ್ಣಾಗಲಿ. ಬಾಳೆ, ಮಾವು, ಸಪೋಟ, ಸೀತಾಫಲ, ಹಲಸಿನ ತೊಳೆ, ಸೀಬೆ ಇವುಗಳಿಂದ ಈ ಬಗೆಯ ಕಹಿ ಬರೋಲ್ಲ.

ಮೊದಲ ಗುಟುಕಿನ ಕಹಿ

ಪರಂಗಿ ಬೀಜ ನಾಲ್ಕೈದು ಮಿಕ್ಸಿಗೆ ಬಿದ್ದರೂ ಸಾಸಿವೆಯಂಥ ಘಾಟು ಬರುತ್ತೆ. ಮೂಸಂಬಿ, ಕಿತ್ತಳೆ ಸೇರಿಸುವವರು ಬೀಜ ತೆಗೆದೇ ಹಾಕಿ. ಕಡಲೆಕಾಯಿ ಬೀಜವನ್ನು ಹಾಕುವ ಮೊದಲು ಒಂದು ಕಾಳು ಬಾಯಿಗೆ ಹಾಕಿ ನೋಡಿ, ಕಮಟು ವಾಸನೆ ಬಂದರೆ ಇಡೀ ಡಬ್ಬಿ ಬಿಡಿ.

ಕಲಸಿದ ತಕ್ಷಣ ಒಡೆದ ಹಾಲು

ಹಾಲಿನ ಹುಳಿ ಒಂದು ಮಟ್ಟ ದಾಟಿದರೆ ಕೇಸಿನ್ ಗಟ್ಟಿಯಾಗಿ ಬೇರೆಯಾಗುತ್ತೆ. ಆ ಮಟ್ಟ ಸುಮಾರು 4.6 ಪಿಎಚ್. ಪಿಎಚ್ ಅಂದರೆ ಹುಳಿಯ ಅಳತೆ, ಅಂಕಿ ಇಳಿದಷ್ಟೂ ಹುಳಿ ಜಾಸ್ತಿ. ಅನಾನಸ್ ಇದಕ್ಕಿಂತ ಹುಳಿ. ಮಾವಿನಲ್ಲಿ ಜಾತಿ ನೋಡಬೇಕು. ಚೆನ್ನಾಗಿ ಹಣ್ಣಾದ ಬಾದಾಮಿ, ರಸಪುರಿ ಹಾಲಿಗೆ ಹೊಂದುತ್ತವೆ. ಹುಳಿ ಉಳಿದಿರುವ ತೋತಾಪುರಿಯನ್ನು ಹಾಲಿಗೆ ಹಾಕಿದರೆ ಒಡೆದೀತು. ನಿನ್ನೆ ಕಾಯಿಸಿದ ಹಾಲಾದರೆ ಮೊದಲೇ ಅರ್ಧ ದಾರಿಗೆ ಬಂದಿರುತ್ತೆ, ಸ್ವಲ್ಪ ಹುಳಿಯೂ ಸಾಕು.

ಪರಿಹಾರ ನೇರವಾಗಿದೆ. ಹುಳಿ ಹಣ್ಣಿಗೆ ಮೊಸರು, ಸಿಹಿ ಹಣ್ಣಿಗೆ ಹಾಲು. ಮೊಸರು ಮೊದಲೇ ಹುಳಿಯಾಗಿ ಹೆಪ್ಪುಗಟ್ಟಿದ್ದು, ಹೊಸದಾಗಿ ಒಡೆಯೋದಕ್ಕೆ ಅದರಲ್ಲಿ ಏನೂ ಇಲ್ಲ. ಒಳ್ಳೆ ಹಾಲಿಗೆ ಒಳ್ಳೆ ಹಣ್ಣು ಹಾಕಿ ಅದು ಹುಳಿಯಿಂದ ಒಡೆದಿದ್ದರೆ ಚೆಲ್ಲುವಂಥದ್ದೂ ಅಲ್ಲ, ಅದು ಪನೀರಿನ ಮೊದಲ ಹಂತವೇ.

ಬೆಲ್ಲದ ವಿಷಯಕ್ಕೆ ಬರೋಣ. ಮಂಡ್ಯ ಬೆಲ್ಲದ ನಾಡು, ಸಕ್ಕರೆ ಬದಲು ಅಚ್ಚು ಬೆಲ್ಲ ಹಾಕೋಣ ಅಂತ ಯಾರಿಗಾದರೂ ಅನ್ನಿಸುತ್ತೆ. ಆದರೆ ಕುದಿಯುವ ಹಾಲಿಗೆ ಬೆಲ್ಲ ಹಾಕಿದರೆ ಒಡೆಯುತ್ತೆ ಅನ್ನೋದು ಪಾಯಸ ಮಾಡುವ ಎಲ್ಲರಿಗೂ ಗೊತ್ತು. ಬೆಲ್ಲದಲ್ಲಿ ಸ್ವಲ್ಪ ಹುಳಿ, ಲವಣ ಇರುತ್ತೆ, ಬಿಸಿ ಹಾಲಿಗೆ ಅಷ್ಟೇ ಸಾಕು. ಬೆಲ್ಲವನ್ನು ನೀರಲ್ಲಿ ಕರಗಿಸಿ, ಸೋಸಿ, ಆರಿಸಿ ಇಟ್ಟುಕೊಳ್ಳಿ. ಹಾಲೂ ಆರಿರಲಿ. ಆರಿದ್ದಕ್ಕೆ ಆರಿದ್ದನ್ನು ಸೇರಿಸಿದರೆ ಒಡೆಯೋಲ್ಲ.

ಗಂಟು

ಲೋಟದ ಅಡಿಯಲ್ಲಿ ಪುಡಿ ಹಾಕಿ ಮೇಲೆ ಹಾಲು ಸುರಿದರೆ ಗಂಟು ಗ್ಯಾರಂಟಿ. ಪುಡಿಯ ಹೊರಮೈ ತಕ್ಷಣ ನೆನೆದು ಅಂಟಾಗುತ್ತೆ, ಒಳಗಿನ ಪುಡಿಗೆ ನೀರು ಸೇರಲು ಬಿಡೋಲ್ಲ. ಮೊದಲು ಹಾಲು, ಆಮೇಲೆ ಪುಡಿ. ಅಥವಾ ಎರಡು ಮೂರು ಚಮಚ ತಣ್ಣನೆ ಹಾಲಲ್ಲಿ ಪುಡಿಯನ್ನು ನುಣ್ಣಗೆ ಕಲಸಿಕೊಂಡು ಉಳಿದ ಹಾಲಿಗೆ ಬೆರೆಸಿ. ರಾಗಿ ಹಿಟ್ಟನ್ನು ಅಂಬಲಿಗೆ ಕಲಸುವ ಕೈಗೆ ಇದನ್ನು ಹೇಳಿಕೊಡಬೇಕಾಗಿಲ್ಲ.

ವೇ ಪೌಡರಿಗೆ ಇನ್ನೊಂದು ತೊಂದರೆ ಇದೆ. ಸುಮಾರು 70 ಡಿಗ್ರಿ ದಾಟಿದರೆ ಅದು ಬೇಯತೊಡಗುತ್ತೆ, ಬೇಯಿಸಿದ ಮೊಟ್ಟೆಯ ಬಿಳಿಯ ಹಾಗೆ ಗಟ್ಟಿಯಾಗುತ್ತೆ. ಒಮ್ಮೆ ಹಾಗಾದ ಗಂಟನ್ನು ಎಷ್ಟು ಕದಡಿದರೂ ಕರಗಿಸೋಕಾಗೋಲ್ಲ. ಬಿಸಿ ರಾಗಿ ಗಂಜಿಗೋ ಓಟ್ಸಿಗೋ ಹಾಕುವವರು ಒಲೆಯಿಂದ ಇಳಿಸಿ, ಬೆರಳು ಅದ್ದುವಷ್ಟು ಆರಿದ ಮೇಲೆ ಹಾಕಿ. ಪ್ರೋಟೀನ್ ಹಾಳಾಯ್ತು ಅಂತೇನಿಲ್ಲ, ಬೆಂದರೂ ಅದು ಪ್ರೋಟೀನೇ. ಕೆಡೋದು ಬಾಯಿಗೆ ಸಿಗುವ ಹದ ಮಾತ್ರ.

ಹುರಿಗಡಲೆ ಪುಡಿ ಗಂಟಾಗೋದು ಕಡಿಮೆ, ಆದರೆ ಇಟ್ಟಷ್ಟೂ ನೀರು ಹೀರಿ ಗಟ್ಟಿಯಾಗುತ್ತೆ. ಕಚೇರಿಗೆ ಬಾಟಲಿಯಲ್ಲಿ ಒಯ್ಯುವವರು ಪುಡಿಯನ್ನು ಪ್ರತ್ಯೇಕ ಕಟ್ಟಿಕೊಂಡು ಹೋಗಿ. ಹಸಿ ವಾಸನೆ ಅನ್ನಿಸಿದರೆ ಪುಡಿ ಮಾಡುವ ಮೊದಲು ಬಾಣಲೆಯಲ್ಲಿ ಒಮ್ಮೆ ಬೆಚ್ಚಗೆ ಮಾಡಿ.

ನೀರು ಬಿಡುವ ಬಟ್ಟಲು

ಮೊಸರು ಹಣ್ಣು ಕಲಸಿದ ಬಟ್ಟಲಲ್ಲಿ ನೀರು ನಿಂತರೆ ಸಕ್ಕರೆ ಅಥವಾ ಉಪ್ಪು ಮೊದಲೇ ಬಿದ್ದಿರುತ್ತೆ. ಎರಡೂ ಹಣ್ಣಿನಿಂದ ನೀರು ಎಳೆಯುತ್ತವೆ. ತಿನ್ನುವಾಗ ಹಾಕಿ. ಮೊಸರನ್ನು ಬಟ್ಟೆಯಲ್ಲಿ ಕಟ್ಟಿ ಒಂದೆರಡು ಗಂಟೆ ತೂಗುಹಾಕಿದರೆ ನೀರು ಇಳಿದು ಗಟ್ಟಿ ಉಳಿಯುತ್ತೆ, ಅಷ್ಟೇ ಬಟ್ಟಲಿಗೆ ಪ್ರೋಟೀನೂ ಜಾಸ್ತಿ ಸಿಗುತ್ತೆ. ಇಳಿದ ನೀರನ್ನು ಚಪಾತಿ ಹಿಟ್ಟಿಗೆ ಹಾಕಿ, ಅದರಲ್ಲೂ ಸ್ವಲ್ಪ ಪ್ರೋಟೀನ್ ಇದೆ.

ಹನ್ನೊಂದು ಗಂಟೆಗೇ ಹಸಿವು

ರುಚಿ ಚೆನ್ನಾಗಿದೆ, ಒಡೆದಿಲ್ಲ, ಆದರೂ ಹೊಟ್ಟೆ ತಡೆಯೋಲ್ಲ. ಇದನ್ನು ಯಾರೂ ದೋಷ ಅಂತ ಎಣಿಸೋಲ್ಲ. ನನ್ನ ಲೆಕ್ಕದಲ್ಲಿ ಇದೇ ದೊಡ್ಡ ದೋಷ, ಯಾಕೆಂದರೆ ತಿಂಡಿ ಮಾಡಿದ ಉದ್ದೇಶವೇ ಕೈತಪ್ಪಿತು.

ಹಣ್ಣಿನಲ್ಲಿ ಪ್ರೋಟೀನ್ ಬಹಳ ಕಡಿಮೆ. 100 ಗ್ರಾಂ ಪರಂಗಿಯಲ್ಲಿ ಅರ್ಧ ಗ್ರಾಂ ಆಸುಪಾಸು, ಬಾಳೆಯಲ್ಲಿ ಒಂದು ಗ್ರಾಂ ಚಿಲ್ಲರೆ. ಹಣ್ಣು ಎಷ್ಟು ಹೆಚ್ಚಿಸಿದರೂ ಇದು ತುಂಬೋಲ್ಲ. 200 ಮಿಲಿ ಹಾಲಲ್ಲಿ ಸುಮಾರು 6 ಗ್ರಾಂ. 20 ಗ್ರಾಂ ಹುರಿಗಡಲೆ ಪುಡಿಯಲ್ಲಿ 4 ಗ್ರಾಂ. 30 ಗ್ರಾಂ ಕಡಲೆಕಾಯಿ ಬೀಜದಲ್ಲಿ 7 ಗ್ರಾಂ. ಒಂದು ಮೊಟ್ಟೆಯಲ್ಲಿ 6 ಗ್ರಾಂ. ಮೊಟ್ಟೆ ಇಲ್ಲದೆಯೂ 17 ಗ್ರಾಂ ಆಯಿತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2020ರಲ್ಲಿ ಹೇಳಿದ ಪ್ರಮಾಣ ದೇಹತೂಕದ ಒಂದು ಕಿಲೋಗೆ ದಿನಕ್ಕೆ 0.83 ಗ್ರಾಂ. 60 ಕಿಲೋ ಇರುವವರಿಗೆ 50 ಗ್ರಾಂ. ಅದರಲ್ಲಿ ಮೂರನೇ ಒಂದು ಭಾಗ ಬೆಳಗ್ಗೆಯೇ ಬಂತು.

ಡಬ್ಬದ ಪೌಡರ್ ಇಲ್ಲದಿದ್ದರೆ ಆಗೋಲ್ಲ ಅಂತ ಹುಡುಗರು ಅಂದುಕೊಂಡಿದ್ದಾರೆ. ಅವರಿಗೆ ನಾನು ನಮ್ಮೂರಿನದೇ ಉದಾಹರಣೆ ಕೊಡುತ್ತೇನೆ. ಮೈಸೂರಿನ ಚೆಲುವಾಂಬ ಮಹಲಿನಲ್ಲಿ 1950ರಲ್ಲಿ ಶುರುವಾದ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ, ನಾವೆಲ್ಲ ಸಿಎಫ್‌ಟಿಆರ್‌ಐ ಅನ್ನೋದು, ಅಪೌಷ್ಟಿಕತೆ ನೀಗಿಸಲು ಕಡಲೆಕಾಯಿ ಹಿಟ್ಟು ಮತ್ತು ಕಡಲೆ ಹಿಟ್ಟು ಬೆರೆಸಿ ಒಂದು ಆಹಾರ ರೂಪಿಸಿತು. ಕಡಲೆಕಾಯಿ ಪ್ರೋಟೀನನ್ನು ಹಾಲಿಗೆ ಸೇರಿಸಿದ ಮಿಲ್ಟೋನ್ ಕೂಡ ಅಲ್ಲಿಂದಲೇ ಬಂತು. ಕಡಲೆಕಾಯಿಯ ಪ್ರೋಟೀನಿನಲ್ಲಿ ಲೈಸೀನ್ ಅನ್ನುವ ಅಂಶ ಕಡಿಮೆ, ಕಡಲೆಯಲ್ಲೂ ಹಾಲಿನಲ್ಲೂ ಅದು ಚೆನ್ನಾಗಿದೆ. ಒಂದರ ಕೊರತೆ ಇನ್ನೊಂದು ತುಂಬುತ್ತೆ. ಹುರಿಗಡಲೆ, ಕಡಲೆಕಾಯಿ, ಹಾಲು ಒಟ್ಟಿಗೆ ಹಾಕಿ ಅಂತ ಒತ್ತಿ ಹೇಳೋದು ಅದಕ್ಕೇ.

ರಾಮನವಮಿಗೆ ಮಾಡುವ ಬಾಳೆಹಣ್ಣಿನ ರಸಾಯನವನ್ನೇ ದಿನದ ತಿಂಡಿ ಮಾಡಿಕೊಂಡವರಿಗೂ ಬೇಗ ಹಸಿವಾಗುತ್ತೆ. ತೆಂಗಿನ ಹಾಲಲ್ಲಿ ಹೆಚ್ಚಿರೋದು ಕೊಬ್ಬು, ಪ್ರೋಟೀನ್ ಲೆಕ್ಕದಲ್ಲಿ ಅದು ಹಸುವಿನ ಹಾಲಿಗೆ ಸಮ ಅಲ್ಲ. ರಸಾಯನ ಬಿಡೋದು ಬೇಡ, ಅದರ ಜೊತೆ ಕೋಸಂಬರಿ ಇರಲಿ. ಹಬ್ಬದ ದಿನ ಎರಡೂ ಒಂದೇ ಎಲೆಯಲ್ಲಿ ಬರುತ್ತವಲ್ಲ. ಹಣ್ಣಿನ ರಸ ಸೋಸಿ ಕುಡಿಯುವವರು ಸೋಸೋದನ್ನು ನಿಲ್ಲಿಸಿ, ನಾರು ಹೋದರೆ ಹೊಟ್ಟೆ ಬೇಗ ಖಾಲಿಯಾಗುತ್ತೆ.

ಬಣ್ಣ, ಒಗರು

ಬಾಳೆ ಕಂದಾಗೋದು ಗಾಳಿ ತಾಗಿ. ಕೆಟ್ಟಿದೆ ಅಂತಲ್ಲ. ಕೊನೆಯಲ್ಲಿ ಹೆಚ್ಚಿ ಹಾಕಿ, ನಾಲ್ಕು ಹನಿ ನಿಂಬೆ ರಸ ಸಾಕು. ನಂಜನಗೂಡು ರಸಬಾಳೆ ಸಿಕ್ಕರೆ ಮಿಕ್ಸಿಗೆ ಹಾಕಬೇಡಿ ದಯವಿಟ್ಟು. ಭೌಗೋಳಿಕ ಗುರುತು ಪಡೆದ ಹಣ್ಣು ಅದು, ಈಗ ಸಿಗೋದೇ ಅಪರೂಪ. ಅದರ ಪರಿಮಳ ಬಿಡಿಯಾಗಿ ತಿಂದರೇ ಗೊತ್ತಾಗೋದು. ಸಪೋಟ ಒಗರಾಗಿ ಗಂಟಲು ಹಿಡಿದರೆ ಅದು ಇನ್ನೂ ಕಾಯಿ, ಹಾಲು ಸಕ್ಕರೆ ಎಷ್ಟು ಹಾಕಿದರೂ ಹೋಗೋಲ್ಲ.

ಹೊಟ್ಟೆ ಉಬ್ಬರ

ಹಾಲು ಕುಡಿದ ದಿನ ಮಾತ್ರ ಹೊಟ್ಟೆ ಗುಡುಗುಡು ಅಂದರೆ ಲ್ಯಾಕ್ಟೋಸ್, ಅಂದರೆ ಹಾಲಿನೊಳಗಿನ ಸಕ್ಕರೆ, ಜೀರ್ಣವಾಗುತ್ತಿಲ್ಲ ಅಂತ ಅನುಮಾನಿಸಿ. ಒಂದು ವಾರ ಅದೇ ತಿಂಡಿಯನ್ನು ಮೊಸರಿನಲ್ಲಿ ಮಾಡಿ ನೋಡಿ. ಮೊಸರಿನಲ್ಲಿ ಲ್ಯಾಕ್ಟೋಸ್ ಕಡಿಮೆ. ವೇ ಪೌಡರಿನಲ್ಲೂ ಕಾನ್ಸಂಟ್ರೇಟ್ ಅನ್ನುವ ಬಗೆಯಲ್ಲಿ ಲ್ಯಾಕ್ಟೋಸ್ ಉಳಿದಿರುತ್ತೆ, ಐಸೊಲೇಟ್‌ನಲ್ಲಿ ತೀರಾ ಕಡಿಮೆ. ಡಬ್ಬದ ಮೇಲೆ ಓದಿ ಕೊಳ್ಳಿ. ಬಸುರಿಯರು ಹಾಲು ಜಿನುಗುವ ಅರೆಹಣ್ಣು ಪರಂಗಿ ತಿನ್ನಬೇಡಿ. ಮೂತ್ರಪಿಂಡದ ತೊಂದರೆ ಇರುವವರು ಪ್ರೋಟೀನ್ ಹೆಚ್ಚಿಸುವ ಮೊದಲು ವೈದ್ಯರನ್ನು ಕೇಳಲೇಬೇಕು. ಮನೆಯಲ್ಲಿ ಯಾರಿಗಾದರೂ ಕಡಲೆಕಾಯಿ ಅಲರ್ಜಿ ಇದ್ದರೆ ಆ ಮಿಕ್ಸಿ ಜಾರನ್ನೇ ಬೇರೆ ಇಡಿ.